ನ್ಯೂಜಿಲೆಂಡಿನಲ್ಲಿ ಮೋಟರ್‌ಹೋಮ್: ಅತ್ತೆ, ಇಬ್ಬರು ಮಕ್ಕಳು, ಒಂದು ಕುಕ್ಕರ್

ಹಾಸನದವಳು:

ಎಲ್ಲರಿಗೂ ನಮಸ್ಕಾರ. ಮಕ್ಕಳ ಬೇಸಿಗೆ ರಜೆಗೆ, ಏಪ್ರಿಲ್‌ನಲ್ಲಿ, ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೊರಟಿದ್ದೇವೆ. ಕ್ರೈಸ್ಟ್‌ಚರ್ಚ್‌ನಲ್ಲಿ ಮೋಟರ್‌ಹೋಮ್ (ಒಳಗೇ ಹಾಸಿಗೆ, ಒಲೆ, ಟಾಯ್ಲೆಟ್ ಇರುವ ಗಾಡಿ) ಬಾಡಿಗೆಗೆ ತೆಗೆದುಕೊಂಡು ಟೆಕಾಪೊ, ಮೌಂಟ್ ಕುಕ್, ಕ್ವೀನ್ಸ್‌ಟೌನ್, ಮಿಲ್ಫರ್ಡ್ ಸೌಂಡ್ ನೋಡಿಕೊಂಡು ವಾಪಸ್ ಬರುವ ಯೋಚನೆ. ನಾನು, ಯಜಮಾನರು, ಹತ್ತು ವರ್ಷದ ಮಗಳು, ಐದು ವರ್ಷದ ಮಗ, ಜೊತೆಗೆ ಅತ್ತೆ. ಅತ್ತೆಗೆ ಮಂಡಿ ನೋವು. ಹೊರಗಿನ ಊಟವನ್ನಂತೂ ಮುಟ್ಟುವುದಿಲ್ಲ, ಅದಕ್ಕೇ ಒಲೆ ಇರುವ ಗಾಡಿ ಬೇಕು ಅನ್ನಿಸಿದ್ದು. ಯಜಮಾನರು ಇನ್ನೋವಾಗಿಂತ ದೊಡ್ಡ ಗಾಡಿ ಓಡಿಸಿಲ್ಲ.

ಕುಕ್ಕರ್, ಸಾರಿನ ಪುಡಿ ತರಬಹುದಾ? ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು ಅಂತಾರಲ್ಲ, ನಿಜವಾ? ಟಾಯ್ಲೆಟ್ ಖಾಲಿ ಮಾಡುವುದು ಹೇಗೆ? ಕೇಳಲು ಮುಜುಗರ, ಆದರೆ ಕೇಳಲೇಬೇಕಲ್ವಾ.

ಕ್ರೈಸ್ಟ್‌ಚರ್ಚ್ ಅಕ್ಕ:

ಊರಿಂದ ಬರುವ ನೆಂಟರಿಗೆಲ್ಲ ಇದೇ ಪಾಠ ಒಪ್ಪಿಸಿ ಒಪ್ಪಿಸಿ ಬಾಯಿಪಾಠ ಆಗಿದೆ, ಆದ್ದರಿಂದ ಉದ್ದ ಬರೆಯುತ್ತೇನೆ.

ಟಾಯ್ಲೆಟ್‌ನಿಂದಲೇ ಶುರು ಮಾಡೋಣ, ಎಲ್ಲರ ಭಯವೂ ಅದೇ. ಕೆಳಗೆ ಒಂದು ಪೆಟ್ಟಿಗೆ ಇರುತ್ತದೆ, ಕ್ಯಾಸೆಟ್ ಅಂತಾರೆ. ಗಾಡಿಯ ಹೊರಗಿನ ಬಾಗಿಲಿನಿಂದ ಎಳೆದು ತೆಗೆಯಬೇಕು. ಊರೂರಲ್ಲಿ ಡಂಪ್ ಸ್ಟೇಷನ್ ಇವೆ, ಅಲ್ಲಿ ಸುರಿದು, ತೊಳೆದು, ಕೆಮಿಕಲ್ ಹಾಕಿ ವಾಪಸ್ ಇಡುವುದು. ಸುರಿಯುವಾಗ ಗಾಳಿ ಬಿಡುವ ಗುಂಡಿ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಗುಳುಗುಳು ಅಂತ ಕಾಲ ಮೇಲೆಯೇ ಹಾರುತ್ತದೆ. ಕ್ಯಾಸೆಟ್ ತೊಳೆಯುವ ನಲ್ಲಿಯಲ್ಲಿ ಕುಡಿಯುವ ನೀರು ಹಿಡಿಯಬೇಡಿ, ಅದಕ್ಕೆ ಬೇರೆ ನಲ್ಲಿ ಇರುತ್ತದೆ. ಇನ್ನೊಂದು ಮಾತು, ಇದನ್ನು ಇಂಗ್ಲಿಷ್ ವೀಡಿಯೊಗಳಲ್ಲಿ ಯಾರೂ ಹೇಳುವುದಿಲ್ಲ: ನಮ್ಮವರು ಚೊಂಬಿನಲ್ಲಿ ನೀರು ಬಳಸುತ್ತೇವಲ್ಲ, ಐದು ಜನಕ್ಕೆ ಕ್ಯಾಸೆಟ್ ಒಂದೇ ದಿನದಲ್ಲಿ ತುಂಬಿ ಕೂರುತ್ತದೆ. ಹಾಗಾಗಿ ಗಾಡಿಯದನ್ನು ರಾತ್ರಿ ಹೊತ್ತಿಗೆ ಇಟ್ಟುಕೊಂಡು, ಬೆಳಿಗ್ಗೆ ಕ್ಯಾಂಪಿನ ಟಾಯ್ಲೆಟ್‌ಗೆ ಹೋಗಿ.

ಎಲ್ಲಿ ಬೇಕಾದರೂ ಮಲಗಬಹುದು ಅನ್ನುವುದು ಹಳೆಯ ಕಥೆ. 2023ರಲ್ಲಿ ಕಾನೂನು ಬಿಗಿಯಾಯಿತು. ಗಾಡಿಯಲ್ಲಿ ಕಳಚಲಾಗದಂತೆ ಕೂರಿಸಿದ ಟಾಯ್ಲೆಟ್ ಇದ್ದರೆ ಮಾತ್ರ ಈಗ ‘ಸೆಲ್ಫ್ ಕಂಟೇನ್ಡ್’, ಅಂದರೆ ತನ್ನ ನೀರು, ಕೊಳೆ ತನ್ನೊಳಗೇ ಇಟ್ಟುಕೊಳ್ಳುವ ಗಾಡಿ ಅನ್ನುವ ಪ್ರಮಾಣಪತ್ರ ಸಿಗುತ್ತದೆ. ಆ ಪತ್ರ ಇದ್ದರೂ ಒಂದೊಂದು ಊರಿನ ಕೌನ್ಸಿಲ್‌ಗೆ ಒಂದೊಂದು ನಿಯಮ. ತಪ್ಪಿದರೆ ದಂಡ ನೂರಾರು ಡಾಲರ್. ಕ್ಯಾಂಪರ್‌ಮೇಟ್ ಆ್ಯಪ್ ಹಾಕಿಕೊಳ್ಳಿ, ಕ್ಯಾಂಪ್ ಜಾಗ, ಡಂಪ್ ಸ್ಟೇಷನ್, ನೀರು ಎಲ್ಲ ಅದರಲ್ಲಿ ಕಾಣುತ್ತವೆ. ಇಲ್ಲಿನ ಸರ್ಕಾರದ ಪ್ರಕೃತಿ ಸಂರಕ್ಷಣಾ ಇಲಾಖೆಯ ಕ್ಯಾಂಪುಗಳೂ ಚೆನ್ನಾಗಿವೆ. ಮೌಂಟ್ ಕುಕ್ ಬುಡದಲ್ಲೇ ವೈಟ್ ಹಾರ್ಸ್ ಹಿಲ್ ಇದೆ. ಆದರೆ ಅಲ್ಲಿ ಕರೆಂಟ್ ಇಲ್ಲ.

ಕರೆಂಟ್ ವಿಷಯ ಸರಿಯಾಗಿ ಅರ್ಥ ಮಾಡಿಕೊಳ್ಳಿ. ಗಾಡಿಯ 12 ವೋಲ್ಟ್ ಬ್ಯಾಟರಿಯಲ್ಲಿ ದೀಪ, ನೀರಿನ ಪಂಪ್, ಫೋನ್ ಚಾರ್ಜಿಂಗ್ ನಡೆಯುತ್ತದೆ. ಗೋಡೆಯ ಸಾಕೆಟ್ ಜೀವ ಪಡೆಯುವುದು ಕ್ಯಾಂಪಿನ ಕಂಬಕ್ಕೆ ವೈರ್ ಚುಚ್ಚಿದಾಗ ಮಾತ್ರ. ಎಲೆಕ್ಟ್ರಿಕ್ ರೈಸ್ ಕುಕ್ಕರ್, ಮಿಕ್ಸಿ ಎಲ್ಲ ಅಲ್ಲಿಯೇ. ಒಂದು ರಾತ್ರಿ ಕರೆಂಟ್ ಇಲ್ಲದ ಜಾಗ, ಮರುರಾತ್ರಿ ಕರೆಂಟ್ ಇರುವ ಹಾಲಿಡೇ ಪಾರ್ಕ್ (ದುಡ್ಡು ಕೊಟ್ಟು ಉಳಿಯುವ, ಸೌಕರ್ಯಗಳಿರುವ ಕ್ಯಾಂಪ್) ಅಂತ ಹಾಕಿಕೊಳ್ಳಿ. ಸ್ನಾನ, ಬಟ್ಟೆ ಒಗೆತ, ಚಾರ್ಜಿಂಗ್ ಎಲ್ಲ ಆ ದಿನ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಟೆಕಾಪೊ ಕಡೆ ರಾತ್ರಿ ಒಳ್ಳೆ ಚಳಿ. ಕರೆಂಟ್ ಇಲ್ಲದೆಯೂ ನಡೆಯುವ ಡೀಸೆಲ್ ಹೀಟರ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ.

ಕುಕ್ಕರ್ ಧಾರಾಳವಾಗಿ ತನ್ನಿ, ಮೂರು ಲೀಟರಿನದು ಸಾಕು, ಒಲೆ ಚಿಕ್ಕದು. ತಿನ್ನುವ ಯಾವ ವಸ್ತು ತಂದರೂ ವಿಮಾನ ನಿಲ್ದಾಣದ ಫಾರಂನಲ್ಲಿ ‘ಹೌದು’ ಅಂತ ಬರೆಯಿರಿ. ಬರೆದರೆ ಹೆಚ್ಚೆಂದರೆ ತೆಗೆದುಕೊಂಡು ಬಿಸಾಡುತ್ತಾರೆ. ಮುಚ್ಚಿಟ್ಟರೆ 400 ಡಾಲರ್ ದಂಡ. ಜೇನುತುಪ್ಪ, ಹಸಿ ಕರಿಬೇವು ಬೇಡವೇ ಬೇಡ. ಅಕ್ಕಿ, ಬೇಳೆ ಹೊತ್ತು ತರುವುದು ಸುಮ್ನೆ ಭಾರ, ಕ್ರೈಸ್ಟ್‌ಚರ್ಚ್‌ನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಸಾರಿನ ಪುಡಿ ಕಂಪನಿ ಪ್ಯಾಕೆಟ್‌ನಲ್ಲಿ ಇರಲಿ.

ಓಡಿಸುವುದಕ್ಕೆ ಹೆದರಬೇಕಾಗಿಲ್ಲ, ಇಲ್ಲಿಯೂ ಎಡಗಡೆಯೇ. ಇಂಗ್ಲಿಷ್‌ನಲ್ಲಿರುವ ನಮ್ಮ ಡಿಎಲ್ ನಡೆಯುತ್ತದೆ. ಒಂದೇ ಗಾಡಿ ಹೋಗುವ ಸೇತುವೆಗಳು ಬರುತ್ತವೆ. ಫಲಕದಲ್ಲಿ ನಿಮ್ಮ ಕಡೆಯ ಬಾಣ ಚಿಕ್ಕದಾಗಿ, ಕೆಂಪಾಗಿದ್ದರೆ ನಿಂತು ಎದುರಿನವರಿಗೆ ದಾರಿ ಬಿಡಬೇಕು. ಹಿಂದೆ ಗಾಡಿಗಳು ಸಾಲುಗಟ್ಟಿದರೆ ಪಕ್ಕಕ್ಕೆ ಸರಿದು ಬಿಟ್ಟುಕೊಡಿ. ಮೊದಲ ದಿನವೇ ಮೌಂಟ್ ಕುಕ್ ಮುಟ್ಟುವ ಹಟ ಬೇಡ, ಟೆಕಾಪೊ ಸಾಕು, ಸುಮಾರು 225 ಕಿ.ಮೀ. ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಸಂಜೆ ಬೇಗ ಕತ್ತಲು. ಗಾಳಿ ಇರುವ ಕಡೆ ಬಾಗಿಲನ್ನು ಕೈಯಲ್ಲಿ ಹಿಡಿದೇ ತೆಗೆಯಿರಿ. ಬಾಗಿಲು, ಚಾವಣಿಗೆ ಆದ ಪೆಟ್ಟು ವಿಮೆಯಲ್ಲಿ ಬರುತ್ತದಾ ಅಂತ ಓದಿಯೇ ಸಹಿ ಹಾಕಿ. ಡೀಸೆಲ್ ಗಾಡಿಗೆ ಕಿಲೋಮೀಟರ್ ಲೆಕ್ಕದ ರಸ್ತೆ ತೆರಿಗೆಯೂ ಉಂಟು, ಅದು ಕೊನೆಯ ಬಿಲ್ಲಿನಲ್ಲಿ ಬಂದಾಗ ಗಾಬರಿ ಆಗಬೇಡಿ.

ಮಗನಿಗೆ ಏಳು ತುಂಬುವ ತನಕ ಮಕ್ಕಳ ಸೀಟು ಕಡ್ಡಾಯ, ಮೊದಲೇ ಹೇಳಿಡಿ.

ಮೆಲ್ಬರ್ನ್‌ನ ಕುಡ್ಲದವ:

ಅಕ್ಕ ಹೇಳಿದ್ದೆಲ್ಲ ಸರಿ. ಆದರೆ ಮಂಡಿ ನೋವಿನ ಹಿರಿಯರಿಗೆ ಮೋಟರ್‌ಹೋಮ್ ಯಾಕೆ? ಮೆಟ್ಟಿಲು ಎತ್ತರ, ರಾತ್ರಿ ಎದ್ದರೆ ಯಾರನ್ನಾದರೂ ದಾಟಿಕೊಂಡೇ ಹೋಗಬೇಕು. ದೊಡ್ಡ ಕಾರು ತೆಗೆದುಕೊಂಡು ಹಾಲಿಡೇ ಪಾರ್ಕಿನ ಕ್ಯಾಬಿನ್‌ಗಳಲ್ಲಿ ಉಳಿಯಿರಿ. ಅಡುಗೆಮನೆ ಅಲ್ಲಿಯೂ ಇರುತ್ತದೆ.

ಕ್ರೈಸ್ಟ್‌ಚರ್ಚ್ ಅಕ್ಕ:

ಕುಡ್ಲದವರ ಮಾತಲ್ಲಿ ಅರ್ಥ ಇದೆ. ಡ್ರೈವರ್ ತಲೆಯ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು, ಅದು ಮಕ್ಕಳಿಗೆ. ಅತ್ತೆಗೆ ನೆಲದ ಮಟ್ಟಕ್ಕೆ ಹತ್ತಿರದ ಹಾಸಿಗೆ ಕೊಟ್ಟರೆ ನಡೆದೀತು. ಆದರೆ ಊಟದ ಮೇಜನ್ನೇ ಹಾಸಿಗೆ ಮಾಡುವ ಗಾಡಿಯಾದರೆ ಅತ್ತೆ ಎಂಟಕ್ಕೆ ಮಲಗಿದ ಮೇಲೆ ಉಳಿದವರಿಗೆ ಕೂರಲು ಜಾಗವಿಲ್ಲ. ಹಿಂದೆ ಖಾಯಂ ಹಾಸಿಗೆ ಇರುವ ಆರು ಜನರ ಗಾಡಿ ಸಿಕ್ಕರೆ ತೆಗೆದುಕೊಳ್ಳಿ. ಸಿಗದಿದ್ದರೆ ಕಾರೇ ವಾಸಿ.

ಹಾಸನದವಳು:

ತುಂಬಾ ಥ್ಯಾಂಕ್ಸ್ ಅಕ್ಕಾ. ಹಿಂದೆ ಹಾಸಿಗೆ ಇರುವುದನ್ನೇ ಹುಡುಕುತ್ತೇವೆ. ಕೊನೆಯದಾಗಿ ಒಂದು. ಒಳಗೆ ಒಗ್ಗರಣೆ ಹಾಕಿದರೆ ಅಲಾರಂ ಹೊಡೆಯುತ್ತದಾ?

ಕ್ರೈಸ್ಟ್‌ಚರ್ಚ್ ಅಕ್ಕ:

ಒಣಮೆಣಸಿನಕಾಯಿ ಹಾಕಿದರೆ ಖಂಡಿತ ಹೊಡೆಯುತ್ತದೆ! ಚಾವಣಿಯ ಕಿಂಡಿ, ಕಿಟಕಿ ತೆರೆದಿಟ್ಟುಕೊಂಡು ಒಗ್ಗರಣೆ ಹಾಕಿ. ಅಲಾರಂನ ಬ್ಯಾಟರಿ ಮಾತ್ರ ಕೀಳಬೇಡಿ. ನಾನಾದರೆ ಹಾಲಿಡೇ ಪಾರ್ಕಿನ ಅಡುಗೆಮನೆಯಲ್ಲಿ ಎರಡು ದಿನಕ್ಕಾಗುವಷ್ಟು ಒಗ್ಗರಣೆ ಗೊಜ್ಜು ಮಾಡಿ ಫ್ರಿಜ್‌ನಲ್ಲಿ ಇಡುತ್ತೇನೆ. ಮಿಲ್ಫರ್ಡ್‌ಗೆ ಹೋಗುವ ದಿನ ಅದರಲ್ಲಿ ಅನ್ನ ಕಲಸಿಕೊಂಡು ಹೊರಡಿ. ಡೀಸೆಲ್ ದಾರಿಯಲ್ಲಿ ಸಿಗುವ ಟೆ ಅನೌ ಊರಿನಲ್ಲೇ ತುಂಬಿಸಿ, ಅಲ್ಲಿಂದ ಒಂದು ಕಡೆಗೇ ಸುಮಾರು 120 ಕಿ.ಮೀ. ಹೋಮರ್ ಸುರಂಗದ ಹತ್ತಿರ ಕಿಯಾ ಅನ್ನುವ ಗಿಳಿಗಳು ಬಂದು ಗಾಡಿಯ ರಬ್ಬರ್ ಕಿತ್ತು ತಿನ್ನುತ್ತವೆ. ಮಕ್ಕಳು ಎಷ್ಟು ಹಟ ಮಾಡಿದರೂ ಅವಕ್ಕೆ ತಿನ್ನಲು ಕೊಡಬೇಡಿ. ಸ್ಯಾಂಡ್‌ಫ್ಲೈ ಅನ್ನುವ ಪುಟ್ಟ ನೊಣ ಕಚ್ಚದಂತೆ ಹಚ್ಚಿಕೊಳ್ಳುವ ಮುಲಾಮನ್ನೂ ಟೆ ಅನೌನಲ್ಲೇ ಕೊಂಡುಕೊಳ್ಳಿ.