ಹಿಂದಿನ ಟ್ರೇಲರ್‌ಗೆ ಕರೆಂಟ್ ಸರಿ ಹೋಗವಲ್ದು, ಅನುಭವ ಇದ್ದವರು ಹೇಳ್ರಿ

ಜಮಖಂಡಿ ಕಬ್ಬು:
ನಮಸ್ಕಾರ್ರೀ ಎಲ್ಲಾರಿಗೂ. 50 ಹೆಚ್‌ಪಿ ಟ್ರ್ಯಾಕ್ಟರ್, ಹಿಂದ ಎರಡು ಕಬ್ಬಿನ ಟ್ರೇಲರ್. ಖಾಲಿ ಇದ್ದಾಗ ಎಲ್ಲಾ ಲೈಟ್ ಛಲೋ ಹತ್ತತಾವ. ಲೋಡ್ ಆಗಿ ರೋಡಿಗೆ ಬಂದ ಕೂಡ್ಲೇ ಹಿಂದಿನ ಟ್ರೇಲರ್ ಲೈಟ್ ಮಂದ ಆಗತಾವ, ಬ್ರೇಕ್ ತುಳದ್ರ ಇಂಡಿಕೇಟರ್ ಸೈತ ಮಿಣಿಮಿಣಿ ಅಂತಾವ. ಸಾಕೆಟ್ ಹೊಸಾದು ಹಾಕೀನಿ, ಫ್ಯೂಸ್ ಸರಿ ಐತಿ, ಮೀಟರ್ ಹಚ್ಚಿದ್ರ 12 ವೋಲ್ಟ್ ತೋರಸ್ತೈತಿ. ರಾತ್ರಿ ಫ್ಯಾಕ್ಟರಿ ರೋಡಿನ್ಯಾಗ ಹಿಂದಿನಿಂದ ಯಾರರೆ ಬಂದು ಗುದ್ದಿದ್ರ ಹೆಂಗ ಅಂತ ಜೀವ ಕೈಯಾಗ ಹಿಡಕೊಂಡು ಗಾಡಿ ಹೊಡಿಯಾಕತ್ತೀನಿ. ಯಾರಿಗರೆ ಹಿಂಗ ಆಗಿತ್ತೇನ್ರಿ?

ಪಾಂಡವಪುರ ಗಾಡಿ:
ಅಣ್ಣ, ಇದೇ ಕಾಯಿಲೆ ನಮ್ಮ ಗಾಡಿಗೂ ಬಂದಿತ್ತು. ಟೌನಿನ ಮೆಕ್ಯಾನಿಕ್ ತಾವ ಬಿಟ್ಟೆ. ಮೊದಲು ಡೈನಮೋ ಚಾರ್ಜ್ ಮಾಡ್ತಿಲ್ಲ ಅಂದ, 7,800 ಕಿತ್ತ. ಲೈಟು ಹಂಗೇ. ಆಮೇಲೆ ಬ್ಯಾಟರಿ ವೀಕು ಅಂದ, 6,500. ಹಳೇ ಬ್ಯಾಟರಿ ಅವನೇ ಮಡೀಕಂಡ, ಅದಕ್ಕೆ ಕಾಸೂ ಕೊಡ್ನಿಲ್ಲ. ಆ ಬ್ಯಾಟರಿ ಈಗ ಅವನ ಜನರೇಟರ್ ಮೇಲೆ ಕೂತು ಚೆನ್ನಾಗೇ ಕೆಲಸ ಮಾಡ್ತದೆ, ನಾನೇ ಕಣ್ಣಾರೆ ನೋಡ್ದೆ. ಒಟ್ಟು 14,300 ಹೋಯ್ತು, ಮೇಲೆ ಗಾಡಿ ನಿಂತು ಕಟಾವಿನವರಿಗೆ ಕೂಲಿ ದಂಡ.

ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಹುಕ್ಕಲ್ಲಿ. ಟ್ರೇಲರ್ ಮಾಡಿದವನು ಅರ್ಥ್‌ಗೆ (ಕರೆಂಟ್ ಬ್ಯಾಟರಿಗೆ ವಾಪಸ್ ಬರೋ ದಾರಿಗೆ) ವೈರೇ ಎಳೆದಿರಲಿಲ್ಲ. ಲೈಟಿನ ಅರ್ಥ್ ಟ್ರೇಲರ್ ಕಬ್ಬಿಣದ ಮೈಗೆ ಕೊಟ್ಟು, ಮೈಯಿಂದ ಹುಕ್ಕು, ಹುಕ್ಕಿನ ಪಿನ್ ಮೂಲಕ ಟ್ರ್ಯಾಕ್ಟರ್‌ಗೆ ವಾಪಸ್ ಬರಲಿ ಅಂತ ಬಿಟ್ಟಿದ್ದ. ಪಿನ್ ತುಂಬ ಗ್ರೀಸು, ಅದರ ಮೇಲೆ ಮಣ್ಣು, ಅದರ ಕೆಳಗೆ ಬಣ್ಣ. ನಿಂತಾಗ ಎಲ್ಲೋ ಒಂದು ಕಡೆ ಕಬ್ಬಿಣಕ್ಕೆ ಕಬ್ಬಿಣ ತಾಗ್ತದೆ, ಲೈಟು ಉರೀತದೆ. ರೋಡಲ್ಲಿ ಎಳೆದಾಡಿದಾಗ ತಾಗಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಸಾಕೆಟ್‌ನಿಂದ ಕೊನೇ ಲೈಟಿನವರೆಗೂ ಅರ್ಥ್‌ಗೆ ಅಂತ್ಲೇ ಒಂದು ದಪ್ಪ ವೈರ್ ಎಳೆದೆ. ಅವತ್ತಿಂದ ತೊಂದರೆ ಇಲ್ಲ. ಮೆಕ್ಯಾನಿಕ್‌ಗೆ ಹೇಳಿದ್ರೆ ‘ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ’ ಅಂತಾನೆ. ಹೊಟ್ಟೆ ಉರೀತದೆ.

ಪಣಂಬೂರು ನಲವತ್ತು ಅಡಿ:
ನನ್ನದು ಕಂಟೇನರ್ ಟ್ರೇಲರ್, ಬಂದರಿನಿಂದ ಬೆಂಗಳೂರು ಲೈನ್. ಟ್ರ್ಯಾಕ್ಟರ್ ವಿಷಯ ಬೇರೆ ಇರಬಹುದು, ಆದ್ರೆ ಕರೆಂಟ್ ಎಲ್ಲ ಕಡೆ ಒಂದೇ ಅಲ್ವಾ ಮಾರಾಯ್ರೆ.

ಶಿರಾಡಿಯಲ್ಲಿ ಮಳೆ, ಗುಂಡ್ಯ ದಾಟಿ ಹತ್ತುವಾಗ ಹಿಂದಿನ ಲೈಟ್ ಪೂರ್ತಿ ಹೋಯ್ತು, ಡ್ಯಾಶ್‌ನಲ್ಲಿ ಎಬಿಎಸ್ (ಬ್ರೇಕ್ ಹಾಕುವಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ದೀಪ ಬಂತು. ನನ್ನ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಟ್ರೇಲರ್ ಲೈಟಿಗೆ ಫ್ಯೂಸ್ ಹಾರುವುದಿಲ್ಲ. ಶಾರ್ಟ್ ಕಂಡರೆ ಕಂಟ್ರೋಲ್ ಮಾಡ್ಯೂಲೇ (ಲೈಟಿಗೆ ಕರೆಂಟ್ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಆ ಲೈನ್ ಬಂದ್ ಮಾಡ್ತದೆ, ಕೀ ಆಫ್ ಮಾಡಿ ಆನ್ ಮಾಡಿದ್ರೆ ಪುನಃ ಕೊಡ್ತದೆ. ಘಾಟಿಯಲ್ಲಿ ಅದೇ ಮಾಡಿಕೊಂಡು ಸಕಲೇಶಪುರ ತಲುಪಿದ್ದು. ವರ್ಕ್‌ಶಾಪ್‌ನಲ್ಲಿ ಕಂಪ್ಯೂಟರ್ ಹಾಕಿ ನೋಡಿ ಮಾಡ್ಯೂಲ್ ಹೋಗಿದೆ ಅಂದ್ರು. 38,400 ರೂಪಾಯಿ. ಕಂಟೇನರ್ ತಡ ಆದದ್ದಕ್ಕೆ ಪಾರ್ಟಿ ಕಡಿದದ್ದು 6,000 ಬೇರೆ. ಹೊಸ ಮಾಡ್ಯೂಲ್ ಹಾಕಿ ಹೊರಟು ನೆಲಮಂಗಲ ಮುಟ್ಟುವ ಮೊದಲೇ ಪುನಃ ಅದೇ ಕಥೆ!

ತೊಂದರೆ ಇದ್ದದ್ದು ಮುಂದಿನ ಎಳೆಯುವ ಗಾಡಿ ಹಾರ್ಸ್‌ಗೂ ಟ್ರೇಲರ್‌ಗೂ ನಡುವಿನ ಸುರುಳಿ ಕೇಬಲ್‌ನಲ್ಲಿ. ಪ್ಲಗ್ಗಿನ ಕುತ್ತಿಗೆ ಹತ್ತಿರ ಹೊರಗೆ ರಬ್ಬರ್ ಚೆಂದ ಉಂಟು, ಒಳಗೆ ಎಳೆಗಳು ತುಂಡು. ತಿರುವಿನಲ್ಲಿ ಕೇಬಲ್ ಜಗ್ಗಿದಾಗ ಒಂದಕ್ಕೊಂದು ತಾಗುವುದು. ಕೇಬಲ್ ರೇಟ್ 2,200. ಪ್ಲಗ್ ಬಿಚ್ಚಿ ನೋಡಿದ್ರೆ ಪಿನ್ ಎಲ್ಲ ಹಸಿರು ಕಿಲುಬು, ಕಡಲ ಗಾಳಿಗೆ ಅದು ಬೇಗ ಬರ್ತದೆ. ಹಳೆ ಮಾಡ್ಯೂಲ್ ಮನೆಯಲ್ಲಿ ಇಟ್ಟಿದ್ದೇನೆ, ಅದು ಸರಿಯೇ ಉಂಟು ಅಂತ ಬೇರೆ ಗಾಡಿಗೆ ಹಾಕಿ ನೋಡಿಯೂ ಆಯ್ತು. ದುಡ್ಡು ವಾಪಸ್ ಕೇಳಿದ್ರೆ ಎಲೆಕ್ಟ್ರಿಕಲ್ ಐಟಂ ರಿಟರ್ನ್ ಇಲ್ಲ ಅಂತಾರೆ.

ನೀವು ಸಾಕೆಟ್ಟಿನ ಪಿನ್ ನಂಬರ್ 1 ನೋಡಿ. ಅದೇ ಅರ್ಥ್, ಬಿಳಿ ವೈರ್.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಕಲ್:
ಪಣಂಬೂರಿನವರ, ನಿಮ್ಮದು 24 ವೋಲ್ಟ್ ಸಾಕೆಟ್ರಿ. ಅದರಾಗ 1 ಅರ್ಥ್ ಖರೇ. 12 ವೋಲ್ಟ್ ಸೆವೆನ್ ಪಿನ್ನಿನ್ಯಾಗ ಅರ್ಥ್ ಇರೋದು 3ಕ್ಕ, 1 ಎಡಗಡೆ ಇಂಡಿಕೇಟರ್, ಹಳದಿ ವಾಯರ್. ನಿಮ್ಮ ಮಾತು ಕೇಳಿ ಅವರು 1ಕ್ಕ ಅರ್ಥ್ ಕೊಟ್ರ, ಎಡಕ್ಕ ಇಂಡಿಕೇಟರ್ ಹಾಕಿದ ಕೂಡ್ಲೇ ಶಾರ್ಟ್. ಗೊತ್ತಿಲ್ಲದ ಗಾಡಿ ಬಗ್ಗೆ ನಂಬರ್ ಹೇಳಬ್ಯಾಡ್ರಿ.

ನನ್ನ ಅಂಗಡಿಗೆ ಸೀಸನ್ ಶುರು ಆದ್ರ ದಿನಾ ಇಂಥವು ಬರತಾವ. ಎಲ್ಲಾರೂ ಹೇಳೋದು ಒಂದ ಮಾತು, ಮೀಟರ್ 12 ತೋರಸ್ತೈತಿ. ತೋರಸ್ತೈತ್ರಿ! ಮೀಟರ್ ಕರೆಂಟ್ ಜಗ್ಗೂದ ಇಲ್ಲ, ಒಂದ ಎಳಿ ಉಳದಿದ್ರೂ 12 ತೋರಸ್ತೈತಿ. 21 ವಾಟಿನ ಬಲ್ಬಿಗೆ ಎರಡು ವಾಯರ್ ಬೆಸದು ಟೆಸ್ಟ್ ಲ್ಯಾಂಪ್ ಮಾಡ್ರಿ. ಮೊದಲಿಗೆ ಟ್ರೇಲರ್ ಬಿಚ್ಚಿ ಟ್ರ್ಯಾಕ್ಟರ್ ಸಾಕೆಟ್‌ಗೆ ಹಚ್ರಿ. ಅಲ್ಲೆ ಬೆಳಕು ಭರ್ತಿ ಬಂದ್ರ ಟ್ರ್ಯಾಕ್ಟರ್ ಮುಟ್ಟಬ್ಯಾಡ್ರಿ, ಡೈನಮೋ ಬ್ಯಾಟರಿ ಅಂತ ರೊಕ್ಕ ಕಳಕೋಬ್ಯಾಡ್ರಿ. ಆಮ್ಯಾಗ ಟ್ರೇಲರ್ ಹಚ್ಚಿ, ಎಲ್ಲಾ ಲೈಟ್ ಹಾಕಿ, ಒಬ್ಬರು ಬ್ರೇಕ್ ತುಳಕೊಂಡು ಕೂಡ್ರಿ. ಮೀಟರಿಂದ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಹಿಂದಿನ ಲೈಟಿನ ಅರ್ಥ್‌ಗೆ. ಅರ್ಧ ವೋಲ್ಟ್ ಒಳಗ ಇರಬೇಕು. ಎರಡು, ಮೂರು ಬಂದ್ರ ಅರ್ಥ್ ಸತ್ತೈತಿ.

ಬ್ರೇಕ್ ತುಳದ್ರ ಇಂಡಿಕೇಟರ್ ಮಿಣುಕೂದು ಇದಕ್ಕ. ವಾಪಸ್ ಹೋಗಾಕ ಅರ್ಥ್ ದಾರಿ ಸಿಗಲಿಲ್ಲಂದ್ರ ಬ್ರೇಕ್ ಕರೆಂಟ್ ಬ್ಯಾರೆ ಬಲ್ಬಿನ ಎಳಿ ಹೊಕ್ಕು ದಾರಿ ಹುಡಕತೈತಿ.

ಇನ್ನೊಂದು, ವಾಯರ್ ದಪ್ಪ. ಎರಡೂ ಟ್ರೇಲರ್ ಕೂಡಿ ಬ್ರೇಕ್ ಬಲ್ಬ್ ನಾಕು, 84 ವಾಟ್, 12 ವೋಲ್ಟ್‌ಗೆ 7 ಆಂಪ್. ಟ್ರೇಲರ್ ಕಟ್ಟೋರು ಹಾಕೂದು 0.75 ಚದರ ಮಿಲಿಮೀಟರ್ ವಾಯರ್. ಇದ್ದ ನಾಕೂ ಬಲ್ಬ್ 15 ಮೀಟರ್ ದೂರದಾಗ ಅದಾವ ಅಂತ ಲೆಕ್ಕಾ ಹಾಕಿದ್ರ ಹೋಗೂದರಾಗ ಎರಡೂವರಿ ವೋಲ್ಟ್ ಮಾಯ, ಬರೂದರಾಗ ಅಷ್ಟ. 2.5 ಹಾಕಿದ್ರ ಒಂದೊಂದು ಕಡೆಗೆ ಒಂದು ವೋಲ್ಟೂ ಹೋಗೂದಿಲ್ಲ. ನಾನು ಅರ್ಥ್‌ಗೆ 4 ಹಾಕತೇನಿ.

ಚಿಕ್ಕೋಡಿ ಎಲ್‌ಇಡಿ:
ವಾಯರ್ ದಪ್ಪ ಮಾಡೋದಕ್ಕಿಂತ ಬಲ್ಬ್ ತಗದ ಒಗೀರಿ. ನಾನು ಹೋದ ಸೀಸನ್‌ದಾಗ ಎರಡೂ ಟ್ರೇಲರ್‌ಗೆ ಎಲ್‌ಇಡಿ ಹಾಕಿಸೀನಿ. ಜೋಡಿಗೆ 1,150, ಎರಡು ಜೋಡಿ 2,300. ಅದೇ ಸಣ್ಣ ವಾಯರ್ ಮ್ಯಾಲೆ ಝಗಝಗ ಹತ್ತತಾವ. ಇಂಡಿಕೇಟರ್ ಸಿಕ್ಕಾಪಟ್ಟಿ ಫಾಸ್ಟ್ ಹೊಡಿಯಾಕ ಹತ್ತಿತ್ತು, ಎಲ್‌ಇಡಿಗೆ ಬರೂ ಎಲೆಕ್ಟ್ರಾನಿಕ್ ಫ್ಲಾಷರ್ (ಇಂಡಿಕೇಟರ್ ಮಿಣುಕಸೂದು) 280 ಕೊಟ್ಟು ತಂದೆ, ಸರಿ ಆತು. ಹಿಂದ ಬರೂ ಲಾರಿಯವರು ನಿಲ್ಲಿಸಿ ‘ಮಾಲಕ್ರ, ನಿಮ್ಮ ಗಾಡಿ ದೂರದಿಂದ ಕಾಣಸ್ತೈತಿ’ ಅಂದಾರ. ಆ ಮಾತಿನ ಮುಂದ 2,580 ಏನೂ ಅಲ್ಲ.

ಪಾಂಡವಪುರ ಗಾಡಿ:
ಎಲ್‌ಇಡಿ ಹಾಕಿ ಅರ್ಥ್ ಸರಿ ಮಾಡದೆ ಬಿಟ್ರೆ ಕಾಯಿಲೆ ಮುಚ್ಚಿಟ್ಟಂಗೆ. ಗದ್ದೆ ಒಳಗೆ ಟ್ರೇಲರ್ ಇಳಿಸೋರಿಗೆ ಎಲ್‌ಇಡಿ ಬಾಳಲ್ಲ. ನಮ್ಮ ಭಾವಮೈದ ಹಾಕ್ಸಿದ್ದ. ಒಂದು ಮಳೆಗೆ ಒಳಗೆಲ್ಲ ನೀರು, ಅರ್ಧ ಚುಕ್ಕಿ ಉರೀತವೆ ಅರ್ಧ ಇಲ್ಲ. ಬಲ್ಬು ಹೋದ್ರೆ 20 ರೂಪಾಯಿ, ಯಾವ ಹಳ್ಳಿ ಅಂಗಡೀಲೂ ಸಿಗ್ತದೆ. ಎಲ್‌ಇಡಿ ಹೋದ್ರೆ ಇಡೀ ಲೈಟೇ ಎಸೀಬೇಕು.

ಚಿಕ್ಕೋಡಿ ಎಲ್‌ಇಡಿ:
ನಿಮ್ಮ ಭಾವಮೈದ ಯಾವ 300 ರೂಪಾಯಿ ಮಾಲು ತಂದಾರೋ ನಮಗೇನ್ ಗೊತ್ರಿ. ನಂದು ನೀರು ಹೊಗದ ಸೀಲ್ ಮಾಡಿದ್ದು. ಕಬ್ಬಿನ ಗದ್ದಿ ನಮ್ಮಲ್ಲೂ ಅದಾವ, ಕೃಷ್ಣಾ ದಂಡಿಯ ಕರಿ ಮಣ್ಣು ನೀವು ನೋಡಿಲ್ಲ.

ದಾರಿಹೋಕ ಬೈಕ್:
ಇಲ್ಲಿ ಬಲ್ಬಾ ಎಲ್‌ಇಡಿಯಾ ಅಂತ ಜಗಳ ಆಡ್ತಿದ್ದೀರಿ. ನಮ್ಮ ಚಿಕ್ಕಪ್ಪ ರಾತ್ರಿ ಎಂಟು ಗಂಟೆಗೆ ರಸ್ತೆ ಬದಿ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಹೊಡೆದರು. ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬು ಎರಡೂ ಕಡೆ ಹೊರಗೆ ಚಾಚಿತ್ತು. ಕಾಲಿಗೆ ರಾಡ್ ಹಾಕಿದ್ದಾರೆ, ಇನ್ನೂ ಕುಂಟುತ್ತಾರೆ. ಆಸ್ಪತ್ರೆಗೆ 2,65,000. ಡ್ರೈವರ್ ಹೇಳಿದ್ದು ‘ವೈರಿಂಗ್ ಪ್ರಾಬ್ಲಂ ಸಾರ್’ ಅಂತ. ಪ್ರಾಬ್ಲಂ ಇದ್ದರೆ ಯಾಕೆ ರಸ್ತೆಗೆ ತರುತ್ತೀರಿ? ಒಂದೇ ಟ್ರ್ಯಾಕ್ಟರ್‌ಗೆ ಎರಡೆರಡು ಟ್ರೇಲರ್ ಯಾಕೆ ಕಟ್ಟುತ್ತೀರಿ?

ಚಿಕ್ಕೋಡಿ ಎಲ್‌ಇಡಿ:
ನಿಮ್ಮ ಚಿಕ್ಕಪ್ಪಗ ಹಂಗ ಆಗಬಾರದಿತ್ತು, ಕೇಳಿ ಬ್ಯಾಸರ ಆತು. ಆದ್ರ ಎರಡು ಟ್ರೇಲರ್ ಯಾಕ ಅಂತ ನಮ್ಮನ್ನ ಕೇಳಬ್ಯಾಡ್ರಿ. ಕಡದ ಕಬ್ಬು ದಿನಾ ತೂಕ ಕಳಕೋತೈತಿ, ಸಕ್ಕರಿ ಅಂಶ ಇಳಿತೈತಿ. ಒಂದ ಟ್ರೇಲರ್ ಒಯ್ದ್ರ ಡೀಸೆಲ್ಲಿಗೆ ಹುಟ್ಟೂದಿಲ್ಲ. ಕಬ್ಬು ಹಾಕಿ 14 ದಿನದಾಗ ಬಿಲ್ ಕೊಡಬೇಕಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಐತಿ. ನನ್ನ ಬಿಲ್ ಬರೂದು ಯಾವಾಗ, ವಾಯರಿಂಗ್ ಮಾಡಸೂದು ಯಾವ ರೊಕ್ಕದಾಗ?

ದಾರಿಹೋಕ ಬೈಕ್:
ಬಿಲ್ ಬರದಿದ್ದರೆ ಫ್ಯಾಕ್ಟರಿ ಮುಂದೆ ಕೂತು ಕೇಳಿ, ನಾವೂ ಬಂದು ಕೂರುತ್ತೇವೆ. ಅದಕ್ಕೂ, ಟ್ರೇಲರ್ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸದೇ ಇರುವುದಕ್ಕೂ ಏನು ಸಂಬಂಧ? ಟೇಪ್‌ಗೆ ಕರೆಂಟ್ ಬೇಕಾಗಿಲ್ಲ. ಹಿಂದೆ ಕೆಂಪು, ಬದಿಗೆ ಹಳದಿ. ಕೆಸರು ಮೆತ್ತಿದ್ದರೆ ಒಂದು ಬಟ್ಟೆ ತೆಗೆದುಕೊಂಡು ಒರೆಸಿ.

ಜಮಖಂಡಿ ಕಬ್ಬು:
ಬೈಕಿನ ಅಣ್ಣಾರ, ನಿಮ್ಮ ಸಿಟ್ಟು ಬರೋಬ್ಬರಿ ಐತಿ, ಅದಕ್ಕ ಕೇಳಾಕತ್ತೀನಿ ನಾನು. ಟೇಪ್ ನಾಳೆ ಹಚ್ಚತೀನಿ. ಹುಬ್ಬಳ್ಳಿಯವರು ಹೇಳಿದಂಗ ಮೀಟರ್ ಹಚ್ಚಿ ನೋಡಿದೆ. ಮುಂದಿನ ಟ್ರೇಲರ್ ಅರ್ಥ್ 0.3, ಹಿಂದಿನದು 3.4. ತೆಳಗ ಹೊಕ್ಕು ನೋಡಿದ್ರ, ಮುಂದಿನ ಟ್ರೇಲರ್ ಪಾಟಾ (ಸ್ಪ್ರಿಂಗ್ ಪಟ್ಟಿ) ಹತ್ರ ವಾಯರ್ ಜೋಡಿಸಿ ಬರೇ ಟೇಪ್ ಸುತ್ತಿದ್ರು. ಲೋಡ್ ಆದ್ರ ಪಾಟಾ ಕುಂತು ಆ ಜಾಯಿಂಟ್ ಜಗ್ಗತೈತಿ. ಟೇಪ್ ಬಿಚ್ಚಿದ ಕೂಡ್ಲೇ ಹಸರ ಪುಡಿ ಉದರಿತು, ಒಳಗ ಎರಡ ಎಳಿ ಉಳದಿದ್ದುವು. ರವದಿ (ಕಬ್ಬಿನ ಒಣ ಎಲಿ) ಸಿಕ್ಕೊಂಡು ವಾಯರಿನ ಮ್ಯಾಲಿನ ಸಿಪ್ಪಿನೂ ಕೆತ್ತಿ ಹೋಗೈತಿ. ಪೂರಾ ಹೊಸಾ ಕೇಬಲ್ ಎಳೀತೀನಿ. ಇಲ್ಲಿ ಅಂಗಡಿಯವ 4ರ ವಾಯರ್ ಮೀಟರಿಗೆ 22 ರೂಪಾಯಿ ಹೇಳ್ಯಾನ, ಸಸ್ತಾ ಐತಿ ಅಂತ ಅನಸ್ತು.

ಪಣಂಬೂರು ನಲವತ್ತು ಅಡಿ:
ಹುಬ್ಬಳ್ಳಿಯವರೇ, ಟ್ರ್ಯಾಕ್ಟರ್ ವಿಷಯ ಬೇರೆ ಇರಬಹುದು ಅಂತ ನಾನು ಮೊದಲಿಗೇ ಹೇಳಿದ್ದೆ. ನಲವತ್ತು ಅಡಿ ಟ್ರೇಲರ್ ಓಡಿಸುವವನಿಗೆ ವೈರ್ ಗೊತ್ತಿಲ್ಲ ಅಂತ ಹೇಳಬೇಡಿ. ಎಬಿಎಸ್ ಸಾಕೆಟ್‌ನಲ್ಲಿ 1 ಪ್ಲಸ್, 4 ಅರ್ಥ್, ಎರಡೂ ದಪ್ಪ ವೈರ್. ಅದೂ ಗೊತ್ತುಂಟು ನನಗೆ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಕಲ್:
ಗೊತ್ತಿದ್ರ ಒಳ್ಳೇದಾತು. ಕೆಳಗ ‘ನೀವು ಪಿನ್ 1 ನೋಡಿ’ ಅಂದ್ರಿ, ಅದಕ್ಕ ಹೇಳಿದೆ. ಓದಿದವರು ಕೊನೀ ಸಾಲ ನೆನಪಿಟ್ಟಗೋತಾರ.

ಜಮಖಂಡಿಯವರ, 22 ರೂಪಾಯಿ ವಾಯರ್ ತರಬ್ಯಾಡ್ರಿ. ಆ ರೇಟಿಗೆ 4ರ ತಾಮ್ರ ಸಿಗೂದಿಲ್ಲ. ಅದು ಮ್ಯಾಲೆ ತಾಮ್ರ ಬಳದ ಅಲ್ಯೂಮಿನಿಯಂ. ಅಂಗಡಿಯಾಗ ನಿಂತಲ್ಲೇ ತುದಿ ಸುಲದು ಒಂದು ಎಳಿ ಬ್ಲೇಡಿನಿಂದ ಕೆರದು ನೋಡ್ರಿ, ಒಳಗ ಬೆಳ್ಳಗ ಕಂಡ್ರ ಅಲ್ಲೇ ಬಿಟ್ಟು ಬರ್ರಿ. ಎರಡು ಸಲ ಮಡಚಿದ್ರ ಮುರೀತೈತಿ, ಮಳಿ ನೀರು ಹೊಕ್ರ ಬೂದಿ ಆಗತೈತಿ. ಜಾಯಿಂಟ್ ನಡುವ ಎಲ್ಲೂ ಮಾಡಬ್ಯಾಡ್ರಿ, ಮಾಡೂದ ಆದ್ರ ಬೆಸದು ಶ್ರಿಂಕ್ ಟ್ಯೂಬ್ (ಕಾಸಿದ್ರ ಬಿಗಿ ಆಗೂ ಕೊಳವಿ) ಹಾಕ್ರಿ. ಪಾಟಾ ಹತ್ರ ಕಟ್ಟಬ್ಯಾಡ್ರಿ, ಚಾಸಿ ಒಳಗಡೆ ಪೈಪ್ ಹಾಕಿ ಒಯ್ರಿ. ಎರಡು ಟ್ರೇಲರ್ ನಡುವ ತಿರುವಿಗೆ ಸಾಕಾಗುವಷ್ಟು ಸಡಿಲ ಬಿಡ್ರಿ, ನೆಲಕ್ಕ ತಾಗಬಾರದು.

ಪಾಂಡವಪುರ ಗಾಡಿ:
ನಾನು ಎಳೆದದ್ದು ಮೀಟರ್‌ಗೆ 30 ಕೊಟ್ಟಿದ್ದು. ಅದು ತಾಮ್ರವೇ. ಸುಮ್ನೆ ಎಲ್ಲರ ಮಾಲೂ ಡೂಪ್ಲಿಕೇಟ್ ಅಂದು ನಿಮ್ಮ ಅಂಗಡಿ ವ್ಯಾಪಾರ ಮಾಡ್ಕೋಬೇಡಿ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಕಲ್:
ಯಾವ ಸೈಜಿಗೆ 30 ಕೊಟ್ರಿ? 2.5 ಇದ್ರ ನಂಬತೇನಿ. 4 ಅಂದ್ರ ಒಂದು ಎಳಿ ಕೆರದು ಫೋಟೋ ಹಾಕ್ರಿ.