ಮೂರು ಸಾವಿರದಲ್ಲಿ ಅವ್ವನಿಗೆ ಸಮುದ್ರ ತೋರಿಸಬಹುದಾ? (ಗೋಕರ್ಣದ ಕಡೆ)

ಗದಗಿನ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಗದಗದವಳು. ಎಂ.ಕಾಂ. ಮುಗಿಸಿ ಈಗಷ್ಟೇ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೇನೆ. ನಮ್ಮ ಅವ್ವನಿಗೆ ಐವತ್ತಾರು ವರ್ಷ, ಇಲ್ಲಿಯವರೆಗೆ ಸಮುದ್ರ ನೋಡಿಲ್ಲ. ಟಿವಿಯಲ್ಲಿ ಬಂದಾಗಲೆಲ್ಲ "ಅಷ್ಟು ನೀರು ಒಂದ ಕಡೆ ಹೆಂಗ ನಿಲ್ಲತದವಾ" ಅಂತಾಳೆ. ಗೋಕರ್ಣಕ್ಕೆ ಹೋದರೆ ದೇವರೂ ಆಯಿತು, ಸಮುದ್ರವೂ ಆಯಿತು ಅಂತ ನನ್ನ ಲೆಕ್ಕ.

ಕೈಯಲ್ಲಿ ಇರುವುದು ಮೂರು ಸಾವಿರ. ಇಬ್ಬರಿಗೆ, ಎರಡು ರಾತ್ರಿಗೆ. ಮೊಬೈಲಿನಲ್ಲಿ ರೂಮು ಹುಡುಕಿದರೆ ಒಂದು ರಾತ್ರಿಗೇ ಎರಡೂವರೆ ಸಾವಿರ ತೋರಿಸುತ್ತಿದೆ! ಅವ್ವನಿಗೆ ಮೊಣಕಾಲು ನೋವು, ಜಾಸ್ತಿ ಮೆಟ್ಟಿಲು ಆಗುವುದಿಲ್ಲ. ಊಟ ಶುದ್ಧ ಸಸ್ಯಾಹಾರ. (ನನಗೆ ಮಾತ್ರ ಒಮ್ಮೆ ಮೀನು ತಿಂದು ನೋಡಬೇಕು ಅಂತಿದೆ, ಆ ಮಾತು ಇಲ್ಲೇ ಇರಲಿ.) ಜುಲೈನಲ್ಲಿ ರೂಮು ಅಗ್ಗ ಅಂತಾರೆ, ಆಗ ಹೋಗಬಹುದಾ? ಇಲ್ಲ ದಸರಾ ಆದಮೇಲೆ ಹೋಗಲಾ?

ಅಲೆಮಾರಿ ಬೈಕರ್:

ಮೂರು ಸಾವಿರ ಕಷ್ಟ ರೀ. ಕಡಿಮೆ ಅಂದರೂ ಆರೇಳು ಸಾವಿರ ಇಟ್ಟುಕೊಳ್ಳಿ. ಕುಡ್ಲೆ ಬೀಚಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಗುಡಿಸಲು ರೂಮು ಸಿಗುತ್ತವೆ, ಒಂದು ರಾತ್ರಿಯಾದರೂ ಅಲ್ಲಿ ಇರಬೇಕು. ಇಲ್ಲದಿದ್ದರೆ ಗೋಕರ್ಣಕ್ಕೆ ಹೋದ ಹಾಗೇ ಅಲ್ಲ.

ಹಳೇ ಕಂಡಕ್ಟರ್, ಕುಮಟಾ:

ತಂಗೀ, ಮೂರು ಸಾವಿರ ಸಾಕು. ನೂರಿನ್ನೂರು ಉಳಿದರೂ ಉಳಿಯಬಹುದು. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಈಗ ನಿವೃತ್ತ, ಮನೆ ಕುಮಟಾದಲ್ಲೇ. ಗೋಕರ್ಣದ ಬಸ್ಸಿನಲ್ಲಿ ದೊಡ್ಡ ಬ್ಯಾಗು ಹೊತ್ತ ಫಾರಿನರ್‌ಗಳಿಂದ ಹಿಡಿದು ಅಪ್ಪನ ಅಸ್ಥಿ ಬಿಡಲು ಬಂದವರವರೆಗೆ ಎಲ್ಲರಿಗೂ ಟಿಕೆಟ್ ಹರಿದಿದ್ದೇನೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಎಲ್ಲಿ ಇಳಿಯುತ್ತಾರೆ, ಎಲ್ಲಿ ಉಣ್ಣುತ್ತಾರೆ ಅಂತ ನೋಡುತ್ತಲೇ ಬಂದವನು.

ಮೊದಲು ಒಂದು ಮಾತು. ಗೋಕರ್ಣ ನೋಡಬೇಕಾದರೆ ಗೋಕರ್ಣದಲ್ಲೇ ಮಲಗಬೇಕು ಅಂತೇನಿಲ್ಲ. ದುಡ್ಡು ಹೋಗುವುದು ಅಲ್ಲಿಯೇ. ಸಮುದ್ರಕ್ಕೆ ಯಾರೂ ಟಿಕೆಟ್ ಇಟ್ಟಿಲ್ಲ, ಸಮುದ್ರ ಕಾಣುವ ಕಿಟಕಿಗೆ ಇಟ್ಟಿದ್ದಾರೆ. ಕುಮಟಾದಿಂದ ಗೋಕರ್ಣ ಮೂವತ್ತು ಕಿಲೋಮೀಟರ್ ಆಸುಪಾಸು, ಬೆಳಿಗ್ಗೆಯಿಂದ ಸಂಜೆವರೆಗೆ ಬಸ್ಸು ಇವೆ. ಕುಮಟಾ ಪ್ರವಾಸಿಗರ ಊರಲ್ಲ. ಇದು ತಾಲೂಕು ಕಚೇರಿಗೆ, ಕೋರ್ಟಿಗೆ, ಪೇಟೆಗೆ ಬರುವವರ ಊರು. ಹಾಗಾಗಿ ಬಸ್ ಸ್ಟ್ಯಾಂಡ್ ಸುತ್ತಮುತ್ತಲಿನ ಲಾಡ್ಜುಗಳು ಅವರ ಜೇಬಿಗೆ ತಕ್ಕ ಹಾಗೆ ಇವೆ. ಇಬ್ಬರ ರೂಮು ಏಳುನೂರು–ಎಂಟುನೂರಕ್ಕೆ ಸಿಗುತ್ತದೆ. ಮೊಬೈಲಿನಲ್ಲಿ ಬುಕ್ ಮಾಡಬೇಡಿ. ಹೋಗಿ ರೂಮು ನೋಡಿ, ಬಚ್ಚಲು ನೋಡಿ, ಆಮೇಲೆ ರೇಟು ಮಾತಾಡಿ. ಶನಿವಾರ, ಭಾನುವಾರ ಬಿಟ್ಟು ಬನ್ನಿ. ಶಿವರಾತ್ರಿ ಹೊತ್ತಿಗೆ ಮತ್ತು ಡಿಸೆಂಬರ್ ಕೊನೆಗೆ ಬರಲೇಬೇಡಿ.

ಇನ್ನು ಬಸ್ಸು. ನೀವಿಬ್ಬರೂ ಹೆಂಗಸರು, ಇಬ್ಬರದ್ದೂ ಗದಗಿನ ವಿಳಾಸ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದದ್ದು. ಗದಗಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅರಬೈಲ್ ಘಾಟ್ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ. ಎಲ್ಲೂ ಒಂದು ರೂಪಾಯಿ ಕೊಡಬೇಕಿಲ್ಲ. ಆದರೆ ಸಾಮಾನ್ಯ ಬಸ್ಸು, ವೇಗದೂತ ಇವಕ್ಕೆ ಮಾತ್ರ. ರಾಜಹಂಸ, ಸ್ಲೀಪರ್, ಎ.ಸಿ. ಹತ್ತಿದರೆ ಪೂರ್ತಿ ದುಡ್ಡು. ಆಧಾರ್ ಕಾರ್ಡಿನ ಮೊಬೈಲ್ ಫೋಟೊ ನೆಚ್ಚಿಕೊಳ್ಳಬೇಡಿ, ಕಾರ್ಡೇ ತನ್ನಿ. ಮತ್ತೆ ಶೂನ್ಯ ಟಿಕೆಟ್ಟನ್ನು ಕೇಳಿ ತೆಗೆದುಕೊಳ್ಳಿ, ಬಿಸಾಡಬೇಡಿ. ಟಿಕೆಟ್ ಕೊಡದೆ ಹೆಂಗಸರನ್ನು ಕೂರಿಸಿದರೆ ತಪಾಸಣೆಗೆ ಬಂದಾಗ ಕಂಡಕ್ಟರ್ ತಲೆ ಮೇಲೆ ಬರುತ್ತದೆ. ನಮ್ಮ ಹುಡುಗರಿಗೆ ಅದೊಂದು ಉಪಕಾರ ಮಾಡಿ. ಹುಬ್ಬಳ್ಳಿ–ಅಂಕೋಲಾ ರೈಲು ಬರುತ್ತದೆ ಅಂತ ನಾನು ಕೆಲಸದಲ್ಲಿದ್ದಾಗಿಂದ ಕೇಳುತ್ತಿದ್ದೇನೆ. ಅದಕ್ಕೆ ಕಾಯುವುದು ಬೇಡ.

ಬೆಳಿಗ್ಗೆ ಬೇಗ ಗದಗ ಬಿಟ್ಟರೆ ಮಧ್ಯಾಹ್ನ ಕಳೆಯುವುದರೊಳಗೆ ಕುಮಟಾ. ಊಟ ಮಾಡಿ ಅವ್ವ ಸ್ವಲ್ಪ ಮಲಗಲಿ. ನಾಲ್ಕೂವರೆಗೆ ಆಟೋ ಮಾಡಿಕೊಂಡು ವನ್ನಳ್ಳಿ ಬೀಚಿನ ಕಡೆ ಹೋಗಿ, ಹೆಡ್‌ಬಂದರ್ ಅಂತಲೂ ಅನ್ನುತ್ತಾರೆ. ಪೇಟೆಯಿಂದ ದೂರವಿಲ್ಲ. ಮೊದಲ ಸಲ ಸಮುದ್ರ ನೋಡುವವರನ್ನು ಸೀದಾ ಗೋಕರ್ಣದ ಓಂ ಬೀಚಿಗೆ ಕರೆದೊಯ್ಯಬಾರದು ಅಂತ ನನ್ನ ಅಭಿಪ್ರಾಯ. ಓಂ ಬೀಚ್ ಮೇಲಿನಿಂದ ನೋಡಲು ಚಂದ, ನಿಜ. ಆದರೆ ಇಳಿಯಲು ಮೆಟ್ಟಿಲು, ಹತ್ತಲು ಮತ್ತೆ ಅದೇ ಮೆಟ್ಟಿಲು. ಕೆಳಗೆ ಸೆಲ್ಫಿ ತೆಗೆಯುವವರ ಗದ್ದಲ. ಅವ್ವನಿಗೆ ಸಮುದ್ರಕ್ಕಿಂತ ಜನರೇ ಜಾಸ್ತಿ ಕಂಡಾರು. ವನ್ನಳ್ಳಿಯಲ್ಲಿ ಬಲೆ ಒಣಹಾಕಿರುತ್ತಾರೆ, ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ಅಷ್ಟೇ. ಕೂತು ನೋಡಲಿ, ಎಷ್ಟು ಹೊತ್ತಾದರೂ.

ಎರಡನೇ ದಿನದ ದಾರಿ ಹೇಳುತ್ತೇನೆ, ಇದನ್ನು ಬರೆದಿಟ್ಟುಕೊಳ್ಳಿ. ಗೋಕರ್ಣಕ್ಕೆ ಹೆದ್ದಾರಿ ಮೇಲೆ ಹೋಗಬೇಡಿ. ಕುಮಟಾದಿಂದ ಬಾಡದ ಮೇಲೆ ಅಘನಾಶಿನಿ ಊರಿಗೆ ಬಸ್ಸು ಇದೆ. ಊರಿಗೂ ಹೊಳೆಗೂ ಒಂದೇ ಹೆಸರು. ಹೊಳೆ ಸಮುದ್ರ ಸೇರುವುದು ಅಲ್ಲೇ. ಅಲ್ಲಿಂದ ಆಚೆ ದಡದ ತದಡಿಗೆ ದೋಣಿ ಇದೆ. ಬೈಕು, ಬುಟ್ಟಿ, ಶಾಲೆ ಮಕ್ಕಳು ಎಲ್ಲ ಒಂದೇ ದೋಣಿಯಲ್ಲಿ. ಕೊಡುವುದು ಚಿಲ್ಲರೆ ಕಾಸು. ಇದೇ ಹೊಳೆ, ಇದೇ ಗಾಳಿ, ಲೈಫ್ ಜಾಕೆಟ್ ಹಾಕಿಸಿ "ಬೋಟಿಂಗ್" ಅಂತ ಕರೆದರೆ ನೂರಾರು ರೂಪಾಯಿ! ನೀರು ಇಳಿದ ಹೊತ್ತಾಗಿದ್ದರೆ ಹೆಂಗಸರು ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಮೀನು) ಆರಿಸುವುದು ಕಾಣುತ್ತದೆ. ತದಡಿ ಮೀನುಗಾರಿಕೆ ಬಂದರು. ಅವ್ವನಿಗೆ ವಾಸನೆ ತಡೆಯದಿದ್ದರೆ ಮೂಗಿಗೆ ಸೆರಗು ಹಿಡಿದು ಬೇಗ ದಾಟಿಸಿ. ಅಲ್ಲಿಂದ ಗೋಕರ್ಣ ಐದಾರು ಕಿಲೋಮೀಟರ್, ಬಸ್ಸು ಸಿಗುತ್ತದೆ.

ಗೋಕರ್ಣದಲ್ಲಿ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತದೆ, ಅದಕ್ಕೆ ಮೊದಲು ಮುಟ್ಟಬೇಕು. ನೀವು ಸೀರೆಯನ್ನೋ ಚೂಡಿದಾರವನ್ನೋ ಉಟ್ಟು ಬನ್ನಿ, ಜೀನ್ಸ್ ಬೇಡ. ದಾರಿಯಲ್ಲಿ ಯಾರಾದರೂ ಅಭಿಷೇಕ, ಪೂಜೆ ಅಂತ ಕೇಳಿದರೆ "ಬರೀ ದರ್ಶನ" ಅಂದರೆ ಮುಗಿಯಿತು. ಮಧ್ಯಾಹ್ನ ದೇವಸ್ಥಾನದ ಅನ್ನಪ್ರಸಾದ ಉಂಟು. ನೂರು ರೂಪಾಯಿ ಉಳಿಯಿತು ಅಂತ ನಾನು ಹೇಳಿದರೆ ನಿಮ್ಮ ಅವ್ವ ಬೈದಾರು, ಆದರೂ ಲೆಕ್ಕ ಲೆಕ್ಕವೇ ಅಲ್ವಾ?

ದೇವಸ್ಥಾನದಿಂದ ಪಡುವಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಊರಿನ ದೊಡ್ಡ ಬೀಚು. ಸಮತಟ್ಟು, ಮೆಟ್ಟಿಲಿಲ್ಲ. ಉದ್ದಕ್ಕೆ ನಡೆಯಬಹುದು. ಕುಡ್ಲೆಗೆ ಹೋಗಲು ದಕ್ಷಿಣ ತುದಿಯಲ್ಲಿ ರಾಮತೀರ್ಥದ ಹತ್ತಿರ ಗುಡ್ಡ ಹತ್ತಬೇಕು, ಮೇಲೆ ಬರೀ ಚಿರೇಕಲ್ಲಿನ ಬಯಲು, ನೆರಳಿಲ್ಲ. ಅವ್ವನಿಗೆ ಅದು ಬೇಡ. ನಿಮಗೆ ಆಸೆಯಿದ್ದರೆ ಅವ್ವನನ್ನು ದೇವಸ್ಥಾನದ ಜಗುಲಿಯಲ್ಲಿ ಕೂರಿಸಿ ಒಬ್ಬರೇ ಹೋಗಿ ಬನ್ನಿ, ಹಗಲಿನಲ್ಲಿ ಮಾತ್ರ.

ಕುಂದಾಪ್ರದ ಮಾಣಿ:

ಹ್ವಾಯ್, ನಮ್ಮ ಮರವಂತೆ ಮರ್ತೇ ಬಿಟ್ರಾ? ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಬಸ್ಸಿನ ಕಿಟಕಿಯಿಂದಲೇ ಎರಡೂ ಕಾಣುತ್ತದೆ. ಮೆಟ್ಟಿಲು ಇಲ್ಲ, ಟಿಕೆಟ್ ಇಲ್ಲ. ಹತ್ತಿರದಲ್ಲೇ ಕೊಲ್ಲೂರು ಮೂಕಾಂಬಿಕೆ, ಅಲ್ಲೂ ಊಟ ಇದೆ. ಗೋಕರ್ಣ ಈಗ ಬರೀ ಕೆಫೆಯವರ ಊರು.

ಹಳೇ ಕಂಡಕ್ಟರ್, ಕುಮಟಾ:

ಮಾಣಿ, ಮರವಂತೆಯ ಚಂದಕ್ಕೆ ನನ್ನ ತಕರಾರಿಲ್ಲ. ಆದರೆ ಭಟ್ಕಳ ದಾಟಿ ನಿಮ್ಮ ಜಿಲ್ಲೆಗೆ ಹೊಕ್ಕರೆ ಖಾಸಗಿ ಬಸ್ಸುಗಳದ್ದೇ ರಾಜ್ಯ. ಅವಕ್ಕೆ ಶಕ್ತಿ ನಡೆಯುವುದಿಲ್ಲ. ಸರ್ಕಾರಿ ಬಸ್ಸಿಗೆ ಕಾಯುತ್ತಾ ಕೂತರೆ ಅವ್ವನ ಅರ್ಧ ದಿನ ರಸ್ತೆ ಬದಿಯಲ್ಲೇ ಕಳೆಯುತ್ತದೆ. ಗದಗಿನಿಂದ ಬರುವವರಿಗೆ ದೂರವೂ ಜಾಸ್ತಿ. ಇನ್ನೊಮ್ಮೆ ಬರಲಿ, ಆಗ ನಿಮ್ಮ ಮನೆಗೇ ಕಳಿಸುತ್ತೇನೆ, ಗೋಳಿಬಜೆ ರೆಡಿ ಇಡಿ.

ಗದಗಿನ ಹುಡುಗಿ:

ಕಾಕಾ, ಇದನ್ನು ಅವ್ವನಿಗೆ ಓದಿ ಹೇಳಿದೆ. ದೋಣಿ ಅಂದಕೂಡಲೇ "ನಾ ಒಲ್ಲೆ" ಅಂದಳು. ಗೋಕರ್ಣದ ಹೆಸರು ಬಂದಮೇಲೆ ಸ್ವಲ್ಪ ಮೆತ್ತಗಾದಳು. ಮೂರನೇ ದಿನ ಏನು ಮಾಡಲಿ? ಮುರುಡೇಶ್ವರ ಆಗುತ್ತದಾ? ಜುಲೈ ವಿಷಯ ನೀವು ಹೇಳಲಿಲ್ಲ. ಮತ್ತೆ ಆ ಇನ್ನೊಂದು ಊಟದ ವಿಷಯ...

ಅಂಕೋಲೆಯ ಅಕ್ಕ:

ಕಂಡಕ್ಟರಣ್ಣ ಕುಮಟಾ ಅಭಿಮಾನಿ, ಅಂಕೋಲೆಯಲ್ಲಿ ಬಸ್ ಬದಲಿಸಿ ಅಂತ ಮಾತ್ರ ಹೇಳಿ ಮುಗಿಸಿದರು! ತಂಗಿ, ಹುಬ್ಬಳ್ಳಿ ಬಸ್ಸು ಇಳಿದಾಗ ಇಲ್ಲೇ ಒಂದು ಚಹಾ ಕುಡಿಯಿರಿ, ಜೊತೆಗೆ ಬನ್ಸ್ ತಿನ್ನಿ. ಬಾಳೆಹಣ್ಣು ಹಾಕಿ ಮಾಡುವುದು, ಅವ್ವನಿಗೂ ನಡೆಯುತ್ತದೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರಿದು.

ಉಪ್ಪು ಅಂದಾಗ ನೆನಪಾಯಿತು. ಗೋಕರ್ಣದಿಂದ ವಾಪಸ್ ಹೋಗುವಾಗ ದಾರಿಯಲ್ಲಿ ಸಾಣಿಕಟ್ಟೆ ಸಿಗುತ್ತದೆ, ಉಪ್ಪಿನ ಆಗರಗಳು. ಅಕ್ಟೋಬರಿನಲ್ಲಿ ಬಂದರೆ ಬರೀ ನೀರು ನಿಂತಿರುತ್ತದೆ. ಫೆಬ್ರುವರಿ ಆದಮೇಲೆ ಬಂದರೆ ಬಿಳಿ ಉಪ್ಪಿನ ರಾಶಿಗಳನ್ನು ಬಸ್ಸಿನಿಂದಲೇ ನೋಡಬಹುದು. ಮೇ ತಿಂಗಳಾದರೆ ಸೆಕೆ ಮಾತ್ರ ಕೇಳಬೇಡಿ, ಆದರೆ ನಮ್ಮ ಕರಿ ಇಶಾಡ ಮಾವು ಸಿಗುತ್ತದೆ. ಅದನ್ನು ತಿಂದವರು ಸೆಕೆಯ ಮಾತು ಎತ್ತುವುದಿಲ್ಲ.

ಹಳೇ ಕಂಡಕ್ಟರ್, ಕುಮಟಾ:

ಅಕ್ಕ ಹೇಳಿದ್ದು ಸರಿ, ಸಾಣಿಕಟ್ಟೆ ಬಿಟ್ಟುಹೋಗಿತ್ತು. ಹೋಗುವಾಗ ಹೊಳೆ ದಾರಿ, ಬರುವಾಗ ಹೆದ್ದಾರಿಯ ಮಾದನಗೇರಿ ದಾರಿ, ಆಗ ಎರಡೂ ಆಗುತ್ತದೆ.

ತಂಗೀ, ಜುಲೈ ಬೇಡವೇ ಬೇಡ. ರೂಮು ಅಗ್ಗ ಹೌದು. ಆದರೆ ಸಮುದ್ರ ಆಗ ಕೆಸರು ಬಣ್ಣ, ನೀರಿಗೆ ಕಾಲಿಡುವ ಹಾಗಿಲ್ಲ. ಲೈಫ್‌ಗಾರ್ಡ್‌ಗಳು ಸೀಟಿ ಊದಿ ಓಡಿಸುತ್ತಾರೆ, ಓಡಿಸಲೇಬೇಕು. ಹೊಳೆ ದೋಣಿಯೂ ಮಳೆ ಜೋರಾದರೆ ನಿಲ್ಲುತ್ತದೆ. ಘಾಟಿನ ರಸ್ತೆಯಲ್ಲಿ ಯಾವಾಗ ಗುಡ್ಡ ಜಾರುತ್ತದೆ ಹೇಳಲಾಗದು. 2024ರ ಜುಲೈನಲ್ಲಿ ಅಂಕೋಲೆ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿದು ಎಷ್ಟು ಜೀವ ಹೋಯಿತು, ಪೇಪರಿನಲ್ಲಿ ಓದಿರುತ್ತೀರಿ. ಮೀನು ತಿನ್ನುವವರಿಗೂ ಆಗ ಉಪಯೋಗವಿಲ್ಲ, ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ. ದೀಪಾವಳಿ ರಜೆ ಮುಗಿದ ಮೇಲಿನ ವಾರ ನೋಡಿ. ಮಳೆ ಹೋಗಿರುತ್ತದೆ, ಹಸಿರು ಉಳಿದಿರುತ್ತದೆ, ಡಿಸೆಂಬರ್ ರೇಟು ಇನ್ನೂ ಶುರುವಾಗಿರುವುದಿಲ್ಲ.

ಮೂರನೇ ದಿನ ಮುರುಡೇಶ್ವರ ಆಗುತ್ತದೆ, ಆದರೆ ಓಡಾಟ ಜಾಸ್ತಿ. ಹೆದ್ದಾರಿಯಲ್ಲಿ ಇಳಿದು ಮತ್ತೆ ಒಳಗೆ ಎರಡು ಕಿಲೋಮೀಟರ್ ಹೋಗಬೇಕು. ದೊಡ್ಡ ಶಿವನ ವಿಗ್ರಹ ನೋಡಿ, ರಾಜಗೋಪುರದ ಲಿಫ್ಟ್ ಹತ್ತಿ ವಾಪಸ್ ಕುಮಟಾಕ್ಕೆ ಬಂದು ಹುಬ್ಬಳ್ಳಿ ಬಸ್ಸು ಹಿಡಿಯುವ ಹೊತ್ತಿಗೆ ಅವ್ವ ಸುಸ್ತು. ನನ್ನನ್ನು ಕೇಳಿದರೆ ಧಾರೇಶ್ವರ ಸಾಕು. ಕುಮಟಾದಿಂದ ಹೊನ್ನಾವರದ ಕಡೆ ಹೋಗುವ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಮುಟ್ಟುತ್ತೀರಿ. ರಾವಣನ ಆತ್ಮಲಿಂಗದ ಕಥೆ ಅವ್ವನಿಗೆ ಗೊತ್ತಿರುತ್ತದೆ. ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ, ಕಾರವಾರದ ಸೆಜ್ಜೇಶ್ವರ, ಈ ಐದನ್ನು ಪಂಚಕ್ಷೇತ್ರ ಅನ್ನುತ್ತಾರೆ. ಎರಡು ನೋಡಿದ ಹಾಗಾಯಿತು. ಅಲ್ಲಿಯೂ ಸಮುದ್ರ ಉಂಟು, ಜನ ಕಡಿಮೆ.

ಖರ್ಚು ಹೀಗೆ. ರೂಮಿಗೆ ಸಾವಿರದ ಐನೂರು. ಊಟ, ತಿಂಡಿ, ಚಹಾ ಇಬ್ಬರಿಗೆ ಸೇರಿ ಸಾವಿರದೊಳಗೆ. ಆಟೋ, ದೋಣಿ, ಹೂವು ಕಾಯಿ ಮುನ್ನೂರು. ಇನ್ನೂರು ಬ್ಲೌಸಿನಲ್ಲೋ ಪರ್ಸಿನ ಒಳಜೇಬಿನಲ್ಲೋ ಬೇರೆ ಇಟ್ಟುಕೊಳ್ಳಿ, ಅದನ್ನು ಮುಟ್ಟಬೇಡಿ. ಮನೆಯಿಂದ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರೆ ಮೊದಲ ದಿನದ ಊಟದ ಖರ್ಚೂ ಇಲ್ಲ. ಬೀಚಿನಲ್ಲಿ ನೀರಿನ ಬಾಟಲಿ ಕೊಳ್ಳಬೇಡಿ, ಲಾಡ್ಜಿನಲ್ಲೇ ತುಂಬಿಸಿಕೊಳ್ಳಿ.

ನಿಮ್ಮ ಆ ಇನ್ನೊಂದು ಊಟಕ್ಕೆ ಕುಮಟಾ ಪೇಟೆಯೇ ಒಳ್ಳೆಯದು. ಬೀಚಿನ ಬದಿಯಲ್ಲಿ ಇಸೋಣ (ಅಂಜಲ್ ಮೀನು), ಶೆಟ್ಲಿ (ಸಿಗಡಿ) ಅಂತ ಹೋದರೆ ಜೇಬು ಖಾಲಿ. ಪೇಟೆಯಲ್ಲಿ ಮೀನಿನ ಊಟ ಕೇಳಿ: ಅನ್ನ, ಸಾರು, ಒಂದು ಹುರಿದ ಬಂಗಡೆ. ಮುಳ್ಳು ದಪ್ಪ, ಹೊಸಬರಿಗೆ ಬಿಡಿಸಲು ಸುಲಭ. ತಾರ್ಲೆ (ಬೂತಾಯಿ) ಮೀನಿನಲ್ಲಿ ಸಣ್ಣ ಮುಳ್ಳು ಜಾಸ್ತಿ, ಮೊದಲ ಸಲಕ್ಕೆ ಬೇಡ. ಅವ್ವ ಮಧ್ಯಾಹ್ನ ಮಲಗಿದಾಗ ಮುಗಿಸಿ ಬನ್ನಿ, ಕೈಗೆ ನಿಂಬೆಹಣ್ಣು ತಿಕ್ಕಿಕೊಳ್ಳಿ.

ನೀರಿಗೆ ಇಳಿಯುವಾಗ ಅವ್ವನ ಕೈ ಹಿಡಿದುಕೊಂಡೇ ಇರಿ. ಅಲೆ ವಾಪಸ್ ಹೋಗುವಾಗ ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ಗೊತ್ತಿಲ್ಲದವರು ಅಲ್ಲೇ ಬೀಳುತ್ತಾರೆ. ಮೊಣಕಾಲಿಗಿಂತ ಮೇಲೆ ನೀರು ಬೇಡ. ಅಘನಾಶಿನಿ ಬಸ್ಸಿನ ಹೊತ್ತನ್ನು ಹಿಂದಿನ ದಿನವೇ ಕುಮಟಾ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಕೇಳಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಬರೆದದ್ದು ಹಳೆಯದಿರುತ್ತದೆ.