ಆಕ್ಸೆಸಿಬಲ್ ಮನೆಗೆ ‘ನಿಲುಕುವ ಮನೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕಣ್ಣು ಕಿವಿ ತೊಂದರೆ ಇರೋರಿಗೆ, ಡಿಮೆನ್ಷಿಯಾ (ಮರೆವಿನ ಕಾಯಿಲೆ), ಆಟಿಸಂ ಇರೋರಿಗೆ ಮನೆ ಹೇಗೆ ಕಟ್ಟಬೇಕು ಅನ್ನೋ ಬಗ್ಗೆ ಒಂದು ಕೈಪಿಡಿ ಕನ್ನಡದಲ್ಲಿ ಬರೀತಾ ಇದೀನಿ, ಮೊದಲನೇ ಪದದಲ್ಲೇ ಸಿಕ್ಕಿಹಾಕ್ಕೊಂಡೆ.

ಆಕ್ಸೆಸಿಬಲ್ ಅಂದ್ರೆ ಯಾವ ತೊಂದರೆ ಇರೋರೂ ಸಲೀಸಾಗಿ ಬಳಸೋ ಹಾಗಿರೋದು. ಅದಕ್ಕೆ ಸುಗಮ್ಯ, ಪ್ರವೇಶಯೋಗ್ಯ ಅಂತ ಬರೀತಾರಲ್ಲ, ಎರಡರಲ್ಲೂ ಇರೋದು ಹೋಗೋದು, ಒಳಗೆ ಬರೋದು ಅನ್ನೋ ಅರ್ಥ. ವೀಲ್‌ಚೇರ್, ರ‍್ಯಾಂಪ್ ವಿಷಯಕ್ಕೆ ಸರಿ. ಆದ್ರೆ ಡಿಮೆನ್ಷಿಯಾ ಇರೋರು ಮನೆ ಒಳಗೇ ಇದಾರೆ, ಅವರನ್ನ ಯಾವ ಮೆಟ್ಟಿಲೂ ತಡೀತಿಲ್ಲ, ಆದ್ರೂ ಅವರಲ್ಲಿ ಎಷ್ಟೋ ಜನಕ್ಕೆ ನೆಲದ ಮೇಲಿನ ಕಪ್ಪು ಮ್ಯಾಟ್ ಗುಂಡಿ ಥರ ಕಾಣ್ಸುತ್ತೆ, ಹೊಳೆಯೋ ಟೈಲ್ಸ್ ನೀರು ಚೆಲ್ಲಿದ ಹಾಗೆ ಕಾಣ್ಸುತ್ತೆ, ಕಾಲಿಡೋಕೇ ಹೆದರ್ತಾರೆ. ಟಾಯ್ಲೆಟ್ ಬಾಗಿಲಿಗೂ ಗೋಡೆಗೂ ಒಂದೇ ಬಣ್ಣ ಬಳಿದ್ರೆ ಅಲ್ಲಿ ಬಾಗಿಲಿದೆ ಅನ್ನೋದೇ ಗೊತ್ತಾಗಲ್ಲ. ಆಟಿಸಂ ಇರೋ ಎಷ್ಟೋ ಜನಕ್ಕೆ ಟ್ಯೂಬ್‌ಲೈಟಿನ ಗುಂಯ್ ಸದ್ದೇ ಸಾಕು, ಆ ರೂಮಲ್ಲಿ ಕೂರೋಕಾಗಲ್ಲ. ಕಿವಿ ಕೇಳದ ಇಬ್ಬರು ಸನ್ನೆಭಾಷೇಲಿ ಮಾತಾಡ್ತಾ ಜೊತೇಲಿ ನಡೀಬೇಕಂದ್ರೆ ಒಬ್ಬರ ಕೈ ಇನ್ನೊಬ್ಬರಿಗೆ ಪೂರ್ತಿ ಕಾಣಬೇಕು, ಅದಕ್ಕೆ ಕಾರಿಡಾರ್ ಅಗಲ ಇರಬೇಕು. ಕಿವಿ ಕೇಳದವರಿಗಾಗಿಯೇ ಇರೋ ಅಮೆರಿಕದ ಗ್ಯಾಲಡೆಟ್ ವಿಶ್ವವಿದ್ಯಾಲಯದಲ್ಲಿ 2005ರಿಂದ ಡೆಫ್‌ಸ್ಪೇಸ್ ಅಂತ ಬೆಳೆಸಿರೋ ವಿನ್ಯಾಸದಲ್ಲಿ ಇದೂ ಒಂದು ಅಂಶ. ಇದರಲ್ಲಿ ಯಾವುದಕ್ಕೂ ‘ಪ್ರವೇಶ’ ಹೊಂದಲ್ಲ.

ನನಗೆ ತುಂಬಾ ಇಷ್ಟ ಆಗಿದ್ದು ‘ಎಟುಕು’. ಅಟ್ಟದ ಮೇಲಿನ ಡಬ್ಬ ಕೈಗೆ ಎಟುಕಲ್ಲ ಅಂತೀವಿ, ಲೆಕ್ಕ ಬುದ್ಧಿಗೆ ಎಟುಕಲ್ಲ ಅಂತಾನೂ ಅಂತೀವಿ, ಮೈ ಮನಸ್ಸು ಎರಡಕ್ಕೂ ಒಂದೇ ಮಾತು, ನನಗೆ ಬೇಕಾಗಿದ್ದೂ ಅದೇ. ಆದ್ರೆ ‘ಎಟುಕುವ ಮನೆ’ ಅಂತ ಬರೆದ ತಕ್ಷಣ ಓದೋರು ‘ಕೈಗೆಟುಕುವ ಬೆಲೆಯ ಮನೆ’ ಅಂದ್ಕೋತಾರೆ, ಜಾಹೀರಾತಿನವರು ಆ ಪದಾನ ಬೆಲೆಗೇ ಕಟ್ಟಿಹಾಕಿಬಿಟ್ಟಿದಾರೆ. ಹಾಗಾಗಿ ‘ನಿಲುಕುವ ಮನೆ’ ಅಂತ ಯೋಚನೆ ಮಾಡ್ತಿದೀನಿ.

ಇನ್ನೊಂದು, ಕಾಗ್ನಿಟಿವ್‌ಗೆ (ನೆನಪು, ಯೋಚನೆ, ಗಮನಕ್ಕೆ ಸಂಬಂಧಿಸಿದ್ದು) ‘ಬೌದ್ಧಿಕ’ ಅಂತ ಹಾಕೋಕೆ ಮನಸ್ಸು ಒಪ್ತಿಲ್ಲ. ಜೀವನಪೂರ್ತಿ ಪಾಠ ಮಾಡಿ ಈಗ ಮರೆವಿಗೆ ಸಿಕ್ಕಿರೋರಿಗೆ, ತಲೆಗೆ ಪೆಟ್ಟಾಗಿರೋರಿಗೆ ಬುದ್ಧಿ ಕಮ್ಮಿ ಅಂದ ಹಾಗಾಗುತ್ತೆ, ಅದು ತಪ್ಪು, ನೋವೂ ಆಗುತ್ತೆ. ‘ಗ್ರಹಿಕೆಯ ತೊಡಕು’ ಅಂದ್ರೆ ಕಣ್ಣು ಕಿವಿಯ ಗ್ರಹಿಕೆ ಜೊತೆ ಕಲಸಿಹೋಗುತ್ತೆ. ಸದ್ಯಕ್ಕೆ ‘ಅರಿವಿನ ತೊಡಕು’ ಅಂತ ಇಟ್ಕೊಂಡಿದೀನಿ, ಇದಕ್ಕಿಂತ ಒಳ್ಳೇದಿದ್ರೆ ದಯವಿಟ್ಟು ಹೇಳಿ.

‘ನಿಲುಕು’ ಬಗ್ಗೆ ಒಂದೇ ಅನುಮಾನ. ನಾನು ಕೇಳಿರೋದೆಲ್ಲ ಊಹೆಗೂ ನಿಲುಕದ್ದು, ಕೈಗೆ ನಿಲುಕಲಿಲ್ಲ, ಹೀಗೆ ಇಲ್ಲ ಅನ್ನೋ ಕಡೆಗೇ. ನಿಮ್ಮ ಕಡೆ ಮಾತಲ್ಲಿ ‘ನಿಲುಕುತ್ತೆ’ ಅಂತ ಸಲೀಸಾಗಿ ಅಂತಾರಾ?